ಪಾಠ ಸಿಕ್ಕಿಕೊಳ್ಳುವ ಜಾಗಕ್ಕೆ ಒಂದು ತುಣುಕು: ಹೈಸ್ಕೂಲ್ ಶಿಕ್ಷಕರು ಮತ್ತು ಡಿಜಿಟಲ್ ಗ್ರಂಥಾಲಯ

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಸಿಎಂ (ಭೌತ, ರಸಾಯನ, ಗಣಿತ) ಶಿಕ್ಷಕಿ. ಎಂಟರಿಂದ ಹತ್ತರವರೆಗೆ ಗಣಿತ, ಭೌತವಿಜ್ಞಾನ ಎರಡೂ ನನ್ನದೇ. ತರಬೇತಿಗೆ ಹೋದಾಗಲೆಲ್ಲ ದೀಕ್ಷಾ ಅನ್ನುವ ಸರ್ಕಾರಿ ಪಾಠ ಸಾಮಗ್ರಿಯ ತಾಣ, ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಅಂತ ದೊಡ್ಡ ಪಟ್ಟಿ ಕೊಡುತ್ತಾರೆ. ಮನೆಗೆ ಬಂದು ಹುಡುಕಲು ಕೂತರೆ ಒಂದು ತಾಸು ಸುಮ್ನೆ ಹೋಗುತ್ತದೆ. ಸಿಕ್ಕಿದ್ದು ಇಂಗ್ಲಿಷಿನಲ್ಲಿರುತ್ತದೆ, ಇಲ್ಲವೇ ಅರ್ಧ ತಾಸಿನ ವಿಡಿಯೋ ಆಗಿರುತ್ತದೆ. ಶಾಲೆಯಲ್ಲಿ ಪ್ರೊಜೆಕ್ಟರ್ ಇದೆ, ನೆಟ್ ನಂಬುವ ಹಾಗಿಲ್ಲ. ಒಮ್ಮೆ ವಿಡಿಯೋ ಹಾಕಿದೆ. ಮಕ್ಕಳು ಸಿನಿಮಾ ನೋಡಿದ ಹಾಗೆ ನೋಡಿದರು. ಮರುದಿನ ಕೇಳಿದರೆ ತಲೆಯಲ್ಲಿ ಏನೂ ಉಳಿದಿರಲಿಲ್ಲ. ಚೆನ್ನಾಗಿ ಬಳಸುವವರು ನಿಜವಾಗಿ ಹೇಗೆ ಬಳಸುತ್ತಾರೆ? ಮುಂದಿನ ವಾರ ಹತ್ತನೇ ತರಗತಿಗೆ ಬೆಳಕಿನ ಪಾಠ ಶುರು ಮಾಡಬೇಕು. ನಮ್ಮ ಶಾಲೆಯ ಕಿಟಕಿಯಿಂದ ಕಪ್ಪತಗುಡ್ಡದ ಗಾಳಿಯಂತ್ರಗಳು ಕಾಣುತ್ತವೆ. ಪ್ರಯೋಗಾಲಯ ಅಂದರೆ ಒಂದು ಕಪಾಟು, ಅಷ್ಟೇ.

ಉತ್ತರ:

ಮೇಡಂ, ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ನೀವು ಗ್ರಂಥಾಲಯದಿಂದ ಹೊರಟು ಪಾಠಕ್ಕೆ ಬರುತ್ತಿದ್ದೀರಿ. ಮೊದಲು ಪಟ್ಟಿ ತೆರೆಯುತ್ತೀರಿ, ಅದರಲ್ಲಿ ಏನಾದರೂ ಸಿಗುತ್ತಾ ಅಂತ ನೋಡುತ್ತೀರಿ. ಆ ದಾರಿಯಲ್ಲಿ ಹೋದರೆ ಒಂದು ತಾಸಲ್ಲ, ಒಂದು ರಾತ್ರಿಯೂ ಸಾಲದು. ಚೆನ್ನಾಗಿ ಬಳಸುವ ಶಿಕ್ಷಕರು ಮಕ್ಕಳಿಂದ ಹೊರಡುತ್ತಾರೆ. ಹೋದ ವರ್ಷ ಈ ಪಾಠದಲ್ಲಿ ನನ್ನ ಮಕ್ಕಳು ಎಲ್ಲಿ ಸಿಕ್ಕಿಕೊಂಡರು? ಆ ಒಂದು ಜಾಗವನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಅದಕ್ಕೆ ಮಾತ್ರ ಒಂದು ತುಣುಕು ಹುಡುಕುತ್ತಾರೆ. ಉಳಿದ ಪಾಠವನ್ನು ಕರಿಹಲಗೆಯ ಮೇಲೆ ತಾವೇ ಮಾಡುತ್ತಾರೆ.

ಇದು ನಮ್ಮ ಕಡೆಯ ಅನುಭವ ಮಾತ್ರವಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2000ನೇ ಇಸವಿಯಲ್ಲಿ ವಿಜ್ಞಾನ, ಗಣಿತದ ಕಲಿಕೆಗಾಗಿಯೇ ಒಂದು ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು ಶುರು ಮಾಡಿತು. ಅದನ್ನು ಶಿಕ್ಷಕರು ಬಳಸುವಂತಾಗಲಿ ಅಂತ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದವರು ಒಂದು ಸಲಕರಣೆ ಮಾಡಿಕೊಟ್ಟರು. ಶಿಕ್ಷಕರು ಅಲ್ಲಲ್ಲಿಂದ ಚಿಕ್ಕ ಚಿಕ್ಕ ತುಣುಕು ಆರಿಸಿ, ನಡುವೆ ತಮ್ಮ ಮಾತು, ತಮ್ಮ ಪ್ರಶ್ನೆ ಸೇರಿಸಿ, ತಮ್ಮದೇ ಒಂದು ಪುಟ ಕಟ್ಟಿಕೊಳ್ಳುವ ಸಲಕರಣೆ ಅದು. ಇಡೀ ಪಾಠವನ್ನು ಎತ್ತಿ ಕೈಗೆ ಕೊಟ್ಟರೆ ಯಾವ ಶಿಕ್ಷಕರಿಗೂ ಅದು ಹಿಡಿಸುವುದಿಲ್ಲ. ಬೇರೆಯವರ ಅಳತೆಗೆ ಹೊಲಿದ ಅಂಗಿ ಅದು, ಅಲ್ವಾ? ಬಟ್ಟೆ ಕೊಟ್ಟರೆ ನಾವೇ ಹೊಲಿದುಕೊಳ್ಳುತ್ತೇವೆ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠ. ಸರಣಿ ಜೋಡಣೆ ಹೇಳಿಕೊಟ್ಟ ಮೇಲೆ ನಾನು ಪ್ರತಿ ವರ್ಷ ಒಂದು ಪ್ರಶ್ನೆ ಕೇಳುತ್ತಿದ್ದೆ: ಎರಡು ಬಲ್ಬ್ ಸಾಲಾಗಿ ಜೋಡಿಸಿದ್ದೇವೆ, ಮೊದಲನೆಯದರಲ್ಲಿ ಕರೆಂಟ್ ಜಾಸ್ತಿಯೋ, ಎರಡನೆಯದರಲ್ಲೋ? ಸೂತ್ರ ಬಾಯಿಪಾಠ ಬರುವ ಮಕ್ಕಳೂ ಕೈ ಎತ್ತಿ ಹೇಳುತ್ತಿದ್ದರು, "ಮೊದಲನೇದ್ರಾಗ ಜಾಸ್ತಿ ರೀ ಸರ್. ಅದು ಒಂದಿಷ್ಟು ಕರೆಂಟ್ ತಿಂದ್ ಬಿಡ್ತೈತಿ, ಉಳಿದದ್ದು ಮುಂದ ಹೋಗ್ತೈತಿ." ಇದು ದಡ್ಡತನವಲ್ಲ. ಮನೆಯಲ್ಲಿ ಎಲ್ಲರೂ "ಈ ಬಲ್ಬ್ ಕರೆಂಟ್ ಜಾಸ್ತಿ ತಿಂತದ" ಅಂತಲೇ ಮಾತಾಡುತ್ತಾರೆ. ಆ ಮಾತು ಮಗುವಿನ ತಲೆಯಲ್ಲಿ ಕೂತಿದೆ. ಬಲ್ಬ್ ಬಳಸಿಕೊಳ್ಳುವುದು ಶಕ್ತಿಯನ್ನು, ಪ್ರವಾಹವನ್ನಲ್ಲ ಅಂತ ಹತ್ತು ಸಲ ಹೇಳಿದರೂ ಅದು ಏಳುವುದಿಲ್ಲ.

ಈ ಜಾಗಕ್ಕೆ, ಪರದೆಯ ಮೇಲೇ ಪ್ರಯೋಗ ಮಾಡಿ ನೋಡುವ ಫೆಟ್ ಸಂಗ್ರಹದಲ್ಲಿ ಒಂದು ಒಳ್ಳೆಯ ತುಣುಕು ಇದೆ. ಕೊಲರಾಡೋ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಕಾರ್ಲ್ ವೀಮನ್ ಶುರು ಮಾಡಿದ ಸಂಗ್ರಹ ಅದು. ಅವರು ಭೌತವಿಜ್ಞಾನಕ್ಕೆ 2001ರ ನೊಬೆಲ್ ಪಡೆದವರು. ಅದರಲ್ಲಿ ವಿದ್ಯುನ್ಮಂಡಲ ಕಟ್ಟುವ ಒಂದು ಆಟದಂಥ ಪುಟವಿದೆ. ತಂತಿ, ಬ್ಯಾಟರಿ, ಬಲ್ಬ್ ಎಳೆದು ಜೋಡಿಸಬೇಕು. ಮಂಡಲ ಪೂರ್ಣವಾದ ಕೂಡಲೇ ತಂತಿಯೊಳಗೆ ನೀಲಿ ಚುಕ್ಕೆಗಳು ಸಾಗುವುದು ಕಾಣುತ್ತದೆ. ಬ್ಯಾಟರಿ 9 ವೋಲ್ಟ್, ಒಂದೊಂದು ಬಲ್ಬಿನ ರೋಧ 10 ಓಮ್. ಒಂದೇ ಬಲ್ಬ್ ಇದ್ದರೆ ಆಮ್ಮೀಟರ್ 0.9 ಆಂಪೇರ್ ತೋರಿಸುತ್ತದೆ, ಎರಡು ಸರಣಿಯಲ್ಲಿದ್ದರೆ 0.45.

ಈಗ ಇದನ್ನು ಬಳಸುವ ರೀತಿ ಮುಖ್ಯ. ಪ್ರೊಜೆಕ್ಟರ್ ಹಚ್ಚಿ, ಎರಡು ಬಲ್ಬ್ ಜೋಡಿಸಿ, ಸ್ವಿಚ್ ಹಾಕದೆ ನಿಲ್ಲಿಸಿ. ಮೂರು ಕಡೆ ಆಮ್ಮೀಟರ್ ಇಡುತ್ತೇನೆ ಅನ್ನಿ: ಮೊದಲ ಬಲ್ಬಿನ ಹಿಂದೆ, ಎರಡರ ನಡುವೆ, ಕೊನೆಯಲ್ಲಿ. ಎಲ್ಲೆಲ್ಲಿ ಎಷ್ಟು ಬರುತ್ತದೆ ಅಂತ ಪ್ರತಿ ಮಗುವೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ಬರೆದ ಮೇಲೆ ಅಳಿಸುವಂತಿಲ್ಲ. ಆಮೇಲೆ ಸ್ವಿಚ್ ಹಾಕಿ. ಮೂರೂ ಕಡೆ 0.45 ಬಂದಾಗ ತರಗತಿಯಲ್ಲಿ ಒಂದು ಗದ್ದಲ ಏಳುತ್ತದೆ. ಆ ಗದ್ದಲಕ್ಕಾಗಿಯೇ ಇಷ್ಟೆಲ್ಲ. ನಿಮ್ಮ ಮಕ್ಕಳು ವಿಡಿಯೋವನ್ನು ಸಿನಿಮಾದಂತೆ ನೋಡಿದ್ದು ಯಾಕೆ ಅಂದರೆ, ಅವರಿಗೆ ಅದರಲ್ಲಿ ಪಣಕ್ಕಿಡಲು ಏನೂ ಇರಲಿಲ್ಲ. ತಾನು ಬರೆದ ಉತ್ತರ ಸರಿಯೋ ತಪ್ಪೋ ಅಂತ ನೋಡುವ ಮಗು ಕಣ್ಣು ಮಿಟುಕಿಸದೆ ನೋಡುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಆ ನೀಲಿ ಚುಕ್ಕೆಗಳು ಎಲೆಕ್ಟ್ರಾನುಗಳು. ಅವು ಋಣ ತುದಿಯಿಂದ ಧನ ತುದಿಗೆ ಹೋಗುತ್ತವೆ. ಪಠ್ಯಪುಸ್ತಕದ ಬಾಣದ ಗುರುತು ಅದಕ್ಕೆ ಎದುರು ದಿಕ್ಕಿನದು. ನೀವು ಮೊದಲೇ ಹೇಳದಿದ್ದರೆ ಜಾಣ ಹುಡುಗಿಯೊಬ್ಬಳು ಕೇಳಿಯೇ ಕೇಳುತ್ತಾಳೆ. ಪುಟದಲ್ಲಿ ಸಾಂಪ್ರದಾಯಿಕ ಪ್ರವಾಹವನ್ನು ತೋರಿಸುವ ಆಯ್ಕೆಯೂ ಇದೆ, ಅದನ್ನು ಒತ್ತಿ ಎರಡನ್ನೂ ತೋರಿಸಿ. ಎರಡನೆಯದು, ಅದೇ ವಾರ ನಿಜವಾದ ಟಾರ್ಚ್ ಬಲ್ಬ್, ಶೆಲ್, ತಂತಿ ತಂದು ಮಾಡಿಸಿ. ಆಗ ಎರಡು ಬಲ್ಬಿಗೆ ಪ್ರವಾಹ ಸರಿಯಾಗಿ ಅರ್ಧ ಆಗುವುದಿಲ್ಲ, ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಮಂದವಾಗಿ ಉರಿಯುವ ಬಲ್ಬಿನ ತಂತು ಕಡಿಮೆ ಬಿಸಿಯಾಗುತ್ತದೆ, ಅದರ ರೋಧವೂ ಕಡಿಮೆ ಇರುತ್ತದೆ. ಕಂಪ್ಯೂಟರಿನ ಆ 10 ಓಮ್ ಬಲ್ಬಿಗೆ ಈ ಗುಣ ಇಲ್ಲ. ಈ ವ್ಯತ್ಯಾಸ ಮಕ್ಕಳ ಕಣ್ಣಿಗೆ ಬಿದ್ದ ದಿನ ಅವರು ನಿಜವಾಗಿ ವಿಜ್ಞಾನ ಕಲಿಯುತ್ತಿದ್ದಾರೆ ಅಂತ ತಿಳಿಯಿರಿ.

ಹಾಗೆಯೇ, ಕೈಯಲ್ಲಿ ಮಾಡಲಿಕ್ಕೆ ಬರುವುದನ್ನು ಪರದೆಯ ಮೇಲೆ ತೋರಿಸಬೇಡಿ. ಇದರಲ್ಲಿ ನಾನು ಸ್ವಲ್ಪ ಹಟಮಾರಿ. ಅರಿಸಿನ ಹಚ್ಚಿದ ಕಾಗದಕ್ಕೆ ಸಾಬೂನು ನೀರು ಬಿದ್ದರೆ ಕೆಂಪಾಗುವುದನ್ನು ವಿಡಿಯೋದಲ್ಲಿ ತೋರಿಸುವ ತರಗತಿಯನ್ನು ನೋಡಿ ನನಗೆ ಬಹಳ ಬೇಸರವಾಗಿತ್ತು. ಅರಿಸಿನ ಯಾವ ಮನೆಯಲ್ಲಿ ಇಲ್ಲ? ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು, ಅಪಾಯದ್ದು, ತಿಂಗಳುಗಟ್ಟಲೆ ಹಿಡಿಯುವಂಥದ್ದು, ಇವಕ್ಕೆ ಪರದೆ ಬೇಕು. ಪರಮಾಣುವಿನ ಒಳಗು, ಹೃದಯದ ಕವಾಟ, ಸೋಡಿಯಂ ನೀರಿಗೆ ಬಿದ್ದಾಗ ಆಗುವುದು, ಇಂಥವು. ಉಳಿದದ್ದಕ್ಕೆ ಡಿಜಿಟಲ್ ಗ್ರಂಥಾಲಯವನ್ನು ನೀವು ರಾತ್ರಿ ಓದಿಕೊಂಡು ಬನ್ನಿ, ಬೆಳಿಗ್ಗೆ ಕೈಯಿಂದ ಮಾಡಿಸಿ. ಅರವಿಂದ ಗುಪ್ತಾ ಅವರ ಜಾಲತಾಣ ಇದಕ್ಕೆಂದೇ ಇದ್ದ ಹಾಗಿದೆ. ಬೆಂಕಿಪೊಟ್ಟಣ, ಸೈಕಲ್ ಟ್ಯೂಬು, ಹಳೆಯ ಪೆನ್ನು, ಇಂಥ ಕಸದಿಂದ ಮಾಡುವ ನೂರಾರು ಆಟಿಕೆ ಅಲ್ಲಿವೆ. ನೋಡುವುದು ನೀವು, ಮಾಡುವುದು ಮಕ್ಕಳು. ನನಗೆ ಗೊತ್ತಿರುವ ಒಳ್ಳೆಯ ಶಿಕ್ಷಕರು ಹುಡುಕಿ ಓದಿದ್ದರಲ್ಲಿ ಬಹುಪಾಲು ಪರದೆಗೆ ಬರುವುದೇ ಇಲ್ಲ. ಅದು ಅವರ ತಯಾರಿಯಲ್ಲೇ ಕರಗಿಹೋಗುತ್ತದೆ.

ಗಣಿತಕ್ಕೆ ಬಂದರೆ ಜಿಯೋಜಿಬ್ರಾ, ಆಕೃತಿ ಎಳೆದು ಸರಿಸಿ ನೋಡುವ ಕಂಪ್ಯೂಟರ್ ತಂತ್ರಾಂಶ. ತಂತ್ರಜ್ಞಾನದ ನೆರವಿನಿಂದ ಕಲಿಸುವ ಟಾಲ್ಪ್ ತರಬೇತಿಯಲ್ಲಿ ನಿಮಗೂ ತೋರಿಸಿರಬಹುದು. ಥೇಲ್ಸ್ ಪ್ರಮೇಯ ಹೇಳುವಾಗ ಪುಸ್ತಕದ ತ್ರಿಭುಜ ಯಾವಾಗಲೂ ನೆಟ್ಟಗೆ ನಿಂತಿರುತ್ತದೆ, ಪಾದ ಕೆಳಗೆ, ಶೃಂಗ ಮೇಲೆ. ಪರೀಕ್ಷೆಯಲ್ಲಿ ಅದೇ ತ್ರಿಭುಜ ಮಲಗಿಬಿಟ್ಟರೆ ಮಕ್ಕಳಿಗೆ ಗುರುತು ಹತ್ತುವುದಿಲ್ಲ. ಜಿಯೋಜಿಬ್ರಾದಲ್ಲಿ ಶೃಂಗ ಹಿಡಿದು ಎಲ್ಲಿಗೆ ಬೇಕಾದರೂ ಎಳೆಯಬಹುದು. ತ್ರಿಭುಜ ಬಗ್ಗಿದರೂ ಮಲಗಿದರೂ, ಪಾದಕ್ಕೆ ಸಮಾಂತರವಾಗಿ ಎಳೆದ ಗೆರೆ ಉಳಿದ ಎರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ.

ನನಗೆ ಮೊದಲ ಸಲ ಇದು ಕೈಕೊಟ್ಟಿತ್ತು, ಅದನ್ನೂ ಹೇಳುತ್ತೇನೆ. ಬಾಹುವಿನ ಭಾಗಗಳ ಅಳತೆ ಪರದೆಯ ಮೇಲೆ ಬರುತ್ತಿತ್ತು. ಮಕ್ಕಳಿಗೆ "ನೀವೇ ಭಾಗಿಸಿ ನೋಡಿ" ಅಂದೆ. ಒಂದು ಕಡೆ 1.33 ಬಂತು, ಇನ್ನೊಂದು ಕಡೆ 1.34. "ಸರ್, ಪ್ರಮೇಯ ತಪ್ಪೈತ್ರಿ!" ಅಂತ ಇಡೀ ತರಗತಿ ಕೂಗಿತು. ಪರದೆಯ ಅಳತೆ ಎರಡು ದಶಮಾಂಶಕ್ಕೆ ನಿಲ್ಲುತ್ತದೆ, ಅದರಿಂದ ಆದ ವ್ಯತ್ಯಾಸ ಅದು. ದಶಮಾಂಶದ ಸ್ಥಾನ ಹೆಚ್ಚಿಸುವ ಆಯ್ಕೆ ಒಳಗೇ ಇದೆ, ನಾನು ಹಿಂದಿನ ರಾತ್ರಿ ಪ್ರಯತ್ನಿಸಿ ನೋಡಿರಲಿಲ್ಲ. ಆ ಪಿರಿಯಡ್ಡು ಮಾತ್ರ ಹಾಳಾಗಲಿಲ್ಲ. ಅಳೆದು ನೋಡುವುದಕ್ಕೂ ಸಾಧಿಸುವುದಕ್ಕೂ ಏನು ವ್ಯತ್ಯಾಸ ಅನ್ನುವ ಮಾತು ತಾನಾಗಿಯೇ ಬಂತು. ಸಾವಿರ ತ್ರಿಭುಜ ಎಳೆದು ನೋಡಿದರೂ ಅದು ಸಾಧನೆ ಆಗುವುದಿಲ್ಲ, ಕರಿಹಲಗೆಯ ಮೇಲಿನ ಹತ್ತು ಸಾಲು ಬೇಕೇ ಬೇಕು. ಈಗ ನಾನು ಬೇಕೆಂದೇ ಎರಡು ದಶಮಾಂಶಕ್ಕೆ ಇಟ್ಟು ಶುರು ಮಾಡಿ ಅಂತ ತರಬೇತಿಯಲ್ಲಿ ಹೇಳುತ್ತೇನೆ.

ಇನ್ನು ಹುಡುಕುವ ಕಷ್ಟ. ನಿಮ್ಮ ಒಂದು ತಾಸು ಎಲ್ಲಿ ಹೋಗುತ್ತದೆ ಅಂತ ನನಗೆ ಗೊತ್ತು. ಮೊದಲು ನಿಮ್ಮ ಪಠ್ಯಪುಸ್ತಕದಲ್ಲೇ ನೋಡಿ. ಅಧ್ಯಾಯದ ಬಳಿ ಕ್ಯೂಆರ್ ಕೋಡ್ ಇದೆ, ಅದರ ಕೆಳಗೆ ಆರು ಅಕ್ಷರದ ಗುರುತು ಇದೆ. ಕ್ಯಾಮೆರಾ ಹಿಡಿಯದಿದ್ದರೆ ಆ ಆರು ಅಕ್ಷರವನ್ನು ದೀಕ್ಷಾದಲ್ಲಿ ಟೈಪ್ ಮಾಡಿದರೂ ಆಯಿತು. 2017ರಲ್ಲಿ ಶುರುವಾದ ದೀಕ್ಷಾ ಹೀಗೆ ಪುಸ್ತಕಕ್ಕೇ ಅಂಟಿಕೊಂಡಿರುವುದರಿಂದ ಹುಡುಕಾಟ ಕಡಿಮೆ. ಹತ್ತನೇ ತರಗತಿಯ ನಮ್ಮ ಗಣಿತ, ವಿಜ್ಞಾನ ಪುಸ್ತಕ ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ರೂಪ. ಹಾಗಾಗಿ ದೇಶದ ಬೇರೆ ರಾಜ್ಯದವರು ಅದೇ ಪಾಠಕ್ಕೆ ಮಾಡಿದ ಸಾಮಗ್ರಿಯೂ ನಿಮಗೆ ಹೊಂದುತ್ತದೆ. ಆದರೆ ಅಧ್ಯಾಯದ ಸಂಖ್ಯೆ ಹಾಕಿ ಹುಡುಕಬೇಡಿ, ಹೆಸರು ಹಾಕಿ. ಭಾಗ ಒಂದು, ಭಾಗ ಎರಡು ಅಂತ ನಮ್ಮಲ್ಲಿ ಕ್ರಮ ಬೇರೆ ಇದೆ.

ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ ಅನ್ನುವುದಕ್ಕೆ ಒಂದು ಕಾರಣ ಇದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ನಮ್ಮ ಎಷ್ಟೋ ಕನ್ನಡ ಪಿಡಿಎಫ್‌ಗಳು ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಅಕ್ಷರ ಜೋಡಿಸಿದವು, ಯುನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ ಕಾಣುತ್ತದೆ, ಕಂಪ್ಯೂಟರಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಇನ್ನು ಕೆಲವು ಪುಟದ ಫೋಟೋ ಮಾತ್ರ. "ವಿಭವಾಂತರ" ಅಂತ ಹುಡುಕಿದರೆ ಆ ಪದ ನೂರು ಸಲ ಇರುವ ಪುಸ್ತಕವೂ ಬರುವುದಿಲ್ಲ. ಅದಕ್ಕೇ ಪುಸ್ತಕದ ಹೆಸರು, ತರಗತಿ, ವಿಷಯ ಹಾಕಿ ಹುಡುಕಿ, ಒಳಗಿನ ಪದ ಹಾಕಿ ಅಲ್ಲ. ಐಐಟಿ ಖರಗಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದಲ್ಲೂ ಇದೇ ಉಪಾಯ. ಅಲ್ಲಿ ಮೊದಲು ಶಾಲೆಯ ಹಂತ, ಭಾಷೆ ಆರಿಸಿ ಸೋಸಿಕೊಳ್ಳಿ. ಸೋಸದೆ ಹುಡುಕಿದರೆ ಪಿಎಚ್‌ಡಿ ಪ್ರಬಂಧಗಳೇ ಮೇಲೆ ಬಂದು ಕೂರುತ್ತವೆ.

ಕನ್ನಡದ ಶಿಕ್ಷಕರಿಗೆ ಬೇರೆ ಎರಡು ತಾಣ ಹೇಳಲೇಬೇಕು. ಒಂದು, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿ. ನಮ್ಮ ಹೈಸ್ಕೂಲ್ ಶಿಕ್ಷಕರೇ ಸೇರಿ ಬರೆದದ್ದು. ಎಲ್ಲ ಪುಟವೂ ಒಂದೇ ಮಟ್ಟದಲ್ಲಿಲ್ಲ, ಆದರೆ ನಮ್ಮ ತರಗತಿ ಗೊತ್ತಿರುವವರು ಬರೆದಿದ್ದಾರೆ ಅನ್ನುವುದು ಓದಿದ ಕೂಡಲೇ ಗೊತ್ತಾಗುತ್ತದೆ. ಇನ್ನೊಂದು, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅನುವಾದ ಸಂಪದ. ಶಿಕ್ಷಣದ ಒಳ್ಳೊಳ್ಳೆಯ ಲೇಖನ ಕನ್ನಡದಲ್ಲಿ ಸಿಗುತ್ತವೆ. ಇದು ತರಗತಿಯಲ್ಲಿ ತೋರಿಸುವುದಕ್ಕಲ್ಲ, ನೀವು ಭಾನುವಾರ ಚಹಾ ಕುಡಿಯುತ್ತ ಓದುವುದಕ್ಕೆ. ಇಂಗ್ಲಿಷ್ ಪದಕ್ಕೆ ಕನ್ನಡ ಬೇಕಾದಾಗ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯಲ್ಲಿ ನಿಘಂಟುಗಳಿವೆ. ಆದರೂ ಕೊನೆಗೆ ಪಠ್ಯಪುಸ್ತಕದ ಪದವನ್ನೇ ಹಲಗೆಯ ಮೇಲೆ ಬರೆಯಿರಿ. ವಿಡಿಯೋದವರು "ಫೋಕಸ್" ಅಂದರು, ಪುಸ್ತಕ "ಸಂಗಮ" ಅನ್ನುತ್ತದೆ. ಎರಡೂ ಒಂದೇ ಅಂತ ಮಗುವಿಗೆ ನೀವು ಹೇಳದಿದ್ದರೆ ಯಾರೂ ಹೇಳುವುದಿಲ್ಲ.

ಭಾಷೆ ಇಂಗ್ಲಿಷ್ ಅಂತ ಒಂದು ಒಳ್ಳೆಯ ತುಣುಕನ್ನು ಬಿಡಬೇಡಿ. ವಿಡಿಯೋದ ಧ್ವನಿ ನಿಲ್ಲಿಸಿ, ನೀವೇ ಮಾತಾಡಿ. ನಿಮ್ಮ ಧ್ವನಿಗೆ ಆ ಮಕ್ಕಳು ಒಗ್ಗಿದ್ದಾರೆ. ಲೆಕ್ಕವನ್ನು ಊರಿಗೆ ತಂದುಕೊಳ್ಳುವುದೂ ಕಷ್ಟವಲ್ಲ. ಯಾವುದೋ ಇಂಗ್ಲಿಷ್ ಸಂಗ್ರಹದಲ್ಲಿ ರೈಲು ಸುರಂಗ ದಾಟುವ ಲೆಕ್ಕ ಸಿಕ್ಕಿತು ಅನ್ನಿ. ಸುರಂಗ ಯಾಕೆ ಬೇಕು? ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ ಇದೆ, ಜಗತ್ತಿನಲ್ಲೇ ಉದ್ದದ್ದು. 493 ಮೀಟರ್ ಉದ್ದದ ರೈಲು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ನಿಲ್ಲದೆ ಹೋದರೆ ಪೂರ್ತಿ ದಾಟಲು ಎಷ್ಟು ಹೊತ್ತು? ಒಂಬತ್ತನೇ ತರಗತಿಯವರು ರೈಲಿನ ಉದ್ದ ಸೇರಿಸುವುದನ್ನು ಮರೆತು 150.7 ಸೆಕೆಂಡ್ ಅನ್ನುತ್ತಾರೆ. ಉತ್ತರ 200 ಸೆಕೆಂಡ್. ಪ್ಲಾಟ್‌ಫಾರ್ಮ್ ನೋಡಿದ ಮಗು, ಕೊನೆಯ ಬೋಗಿ ಇನ್ನೂ ಒಳಗಿದೆಯಲ್ಲ ಅಂತ ತಾನೇ ತಿದ್ದಿಕೊಳ್ಳುತ್ತದೆ.

ನೆಟ್ ಬಗ್ಗೆ. ತರಗತಿಯಲ್ಲಿ ನೆಟ್ ಇದೆ ಅಂತ ಲೆಕ್ಕ ಹಾಕಲೇಬೇಡಿ, ಇದ್ದರೂ ಕೂಡ. ಫೆಟ್‌ನ ಒಂದೊಂದು ಪುಟವೂ ಒಂದೇ ಫೈಲಾಗಿ ಇಳಿಯುತ್ತದೆ, ಆಮೇಲೆ ನೆಟ್ ಇಲ್ಲದೆ ಬ್ರೌಸರಿನಲ್ಲಿ ತೆರೆಯುತ್ತದೆ. ದೀಕ್ಷಾ ಆ್ಯಪಿನಲ್ಲೂ ಇಳಿಸಿಟ್ಟುಕೊಳ್ಳಬಹುದು. ಜಿಯೋಜಿಬ್ರಾವನ್ನು ಶಾಲೆಯ ಕಂಪ್ಯೂಟರಿಗೆ ಹಾಕಿಬಿಡಿ. ಗದಗಿಗೆ ಸಭೆಗೆ ಹೋದ ದಿನ, ಅಥವಾ ನೆಟ್ ಚೆನ್ನಾಗಿರುವ ಪಂಚಾಯಿತಿ ಗ್ರಂಥಾಲಯದಲ್ಲಿ ಕೂತು, ತಿಂಗಳಿಗೆ ಒಂದು ಸಲ ಬೇಕಾದದ್ದನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಫೈಲಿಗೆ ತರಗತಿ, ಪಾಠ, ಸಿಕ್ಕಿಕೊಳ್ಳುವ ಜಾಗ, ಇಷ್ಟು ಸೇರಿಸಿ ಹೆಸರಿಡಿ. "ಹತ್ತು, ವಿದ್ಯುತ್, ಕರೆಂಟ್ ತಿನ್ನುವುದಿಲ್ಲ" ಅಂತ ಇದ್ದರೆ ಮುಂದಿನ ವರ್ಷ ಅರ್ಧ ನಿಮಿಷದಲ್ಲಿ ಸಿಗುತ್ತದೆ. ಬಳಸಿದ ದಿನವೇ ಏನು ಸರಿಹೋಗಲಿಲ್ಲ ಅಂತ ಎರಡು ಸಾಲು ಬರೆದಿಡಿ. ವರ್ಷಕ್ಕೆ ಹತ್ತು ತುಣುಕು ಸಾಕು.

ಹೀಗೆ ಇಟ್ಟುಕೊಳ್ಳಿ ಅನ್ನುವುದಕ್ಕೆ ನನ್ನದೇ ಒಂದು ನೋವಿನ ಕಾರಣ ಇದೆ. ವರ್ಷಗಟ್ಟಲೆ ಕೂಡಿಹಾಕಿದ ವಿಜ್ಞಾನದ ಅನಿಮೇಷನ್‌ಗಳು ನನ್ನ ಬಳಿ ಒಂದು ಸಿಡಿ ತುಂಬ ಇದ್ದವು. ಬಹುತೇಕ ಎಲ್ಲವೂ ಫ್ಲ್ಯಾಶ್ ಅನ್ನುವ ಹಳೆಯ ತಂತ್ರಾಂಶದಲ್ಲಿ ಮಾಡಿದವು. 2020ರ ಕೊನೆಗೆ ಫ್ಲ್ಯಾಶ್ ಅನ್ನುವುದೇ ನಿಂತುಹೋಯಿತು. ಒಂದು ಬೆಳಿಗ್ಗೆ ತೆರೆದರೆ ಬರೀ ಬಿಳಿ ಚೌಕ. ಅದರಿಂದ ಕಲಿತದ್ದು: ಫೈಲಿನ ಜೊತೆಗೆ ಅದರ ಹಿಂದಿನ ಉಪಾಯವನ್ನೂ ಬರೆದಿಟ್ಟುಕೊಳ್ಳಬೇಕು. ಯಾವ ಪ್ರಶ್ನೆ ಕೇಳಿದೆ, ಮಕ್ಕಳು ಏನು ಊಹಿಸಿದರು, ಎಲ್ಲಿ ನಿಲ್ಲಿಸಿದೆ. ಅಷ್ಟು ಇದ್ದರೆ ಫೈಲು ಹೋದರೂ ಬೇರೊಂದರಿಂದ ಪಾಠ ಎಬ್ಬಿಸಬಹುದು.

ಈಗ ನಿಮ್ಮ ಬೆಳಕಿನ ಪಾಠ. ಮಕ್ಕಳು ಸಿಕ್ಕಿಕೊಳ್ಳುವುದು ಸತ್ಯ ಪ್ರತಿಬಿಂಬ, ಅಂದರೆ ಹಾಳೆಯ ಮೇಲೆ ಹಿಡಿಯಬಹುದಾದ ಬಿಂಬ, ಅನ್ನುವಲ್ಲಿ. ಪ್ರತಿಬಿಂಬ ಅಂದರೆ ಅವರಿಗೆ ಕನ್ನಡಿ ಮಾತ್ರ. ಮೊದಲ ದಿನ ಪ್ರೊಜೆಕ್ಟರ್ ಮುಟ್ಟಬೇಡಿ. ಕಪಾಟಿನಲ್ಲಿ ಪೀನ ಮಸೂರ ಇದ್ದೇ ಇರುತ್ತದೆ. ಒಂದು ಕಿಟಕಿ ಬಿಟ್ಟು ಉಳಿದದ್ದೆಲ್ಲ ಮುಚ್ಚಿಸಿ. ಮಸೂರ ಕಿಟಕಿಯ ಕಡೆ ಹಿಡಿದು, ಹಿಂದೆ ಬಿಳಿ ಹಾಳೆ ಇಟ್ಟು ಮುಂದಕ್ಕೆ ಹಿಂದಕ್ಕೆ ಸರಿಸಿ. ಕಪ್ಪತಗುಡ್ಡ ಹಾಳೆಯ ಮೇಲೆ ತಲೆಕೆಳಗಾಗಿ ಬರುತ್ತದೆ, ಬಣ್ಣ ಸಮೇತ. ಗಾಳಿಯಂತ್ರ ಬಹಳ ಚಿಕ್ಕದಾಗಿ ಕಾಣುತ್ತದೆ, ದೂರದ್ದಲ್ವಾ. ರೆಕ್ಕೆ ಸ್ಪಷ್ಟವಾಗದಿದ್ದರೆ ಒಬ್ಬ ಹುಡುಗನನ್ನು ಹೊರಗೆ ಬಿಸಿಲಿನಲ್ಲಿ, ಐದಾರು ಮೀಟರ್ ದೂರ ನಿಲ್ಲಿಸಿ ಕೈ ಗಿರಗಿರ ತಿರುಗಿಸಲು ಹೇಳಿ. ಕಿರಣರೇಖೆಯ ಚಿತ್ರ, ಫೆಟ್‌ನ ಮಸೂರದ ಪುಟ, ಅವೆಲ್ಲ ಎರಡನೇ ದಿನಕ್ಕೆ. ಆಗ ಅವು "ನಿನ್ನೆ ಹಾಳೆಯ ಮೇಲೆ ಬಂದದ್ದು ಯಾಕೆ ಹಾಗೆ" ಅನ್ನುವ ಪ್ರಶ್ನೆಗೆ ಉತ್ತರ ಆಗುತ್ತವೆ.

ಒಂದು ಪ್ರಶ್ನೆ ಮಾತ್ರ ಮೊದಲ ದಿನವೇ ಕೇಳಿ. ಕಿಟಕಿಯಿಂದ ನೋಡುವವರಿಗೆ ಹೊರಗಿನ ಕೈ ಗಡಿಯಾರದ ದಿಕ್ಕಿನಲ್ಲಿ ತಿರುಗುವಂತೆ ಕಂಡರೆ, ಹಾಳೆಯ ಮೇಲಿನ ಚಿಕ್ಕ ಕೈ ಯಾವ ದಿಕ್ಕಿಗೆ ತಿರುಗುತ್ತದೆ? ಎಲ್ಲರೂ ಬರೆದ ಮೇಲೆ ನೋಡಲಿ. ಆಮೇಲೆ ಹಾಳೆಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಅದೇ ಚಿತ್ರವನ್ನು ಹಾಳೆಯ ಹಿಂದಿನಿಂದ ನೋಡಲು ಹೇಳಿ. ಮುಂದಿನಿಂದ ನೋಡಿದವರಿಗೆ ದಿಕ್ಕು ಎದುರಾಗಿರುತ್ತದೆ, ಹಿಂದಿನಿಂದ ನೋಡಿದವರಿಗೆ ಹೊರಗಿನಂತೆಯೇ ಇರುತ್ತದೆ. ಎರಡು ಗುಂಪು ಜಗಳಕ್ಕೆ ಬೀಳುತ್ತವೆ. ಬೀಳಲಿ ಬಿಡಿ, ಗಂಟೆ ಹೊಡೆಯುವವರೆಗೆ ಉತ್ತರ ಹೇಳಬೇಡಿ.